ಹಗೇವಿನ ಮೇಲೆ ಎಳೆದ ಚಪ್ಪಡಿ

ಬೀದರಿನಲ್ಲಿ ಒಂದು ಝೆರಾಕ್ಸ್ ಅಂಗಡಿಯ ಮೇಲ್ಮಹಡಿಗೆ ‘ಸಮ್ಮೋಹನ ಚಿಕಿತ್ಸೆ’ ಎಂಬ ಬೋರ್ಡು ಹಾಕಿದ್ದಾರೆ. ಮೊದಲ ಸಲ ಓದಿದಾಗ ಮೆಟ್ಟಿಲ ಮೇಲೇ ನಿಂತು ನಕ್ಕೆ. ನಾನು ನಾಲ್ಕನೇ ಇಯತ್ತೆ ಕಲಿತು ಬೀದರಿನ ಪಕ್ಕದ ಕೊಳಾರದ ಗೋದಾಮಿನಲ್ಲಿ ಚೀಲ ಹೊರುವವನು. ಕಣ್ಣು ಮುಚ್ಚಿಸಿ, ಮಾತಾಡಿ, ರೋಗ ಬಿಡಿಸುವವರನ್ನು ಕಂಡರೆ ನನಗೆ ಮೈಯುರಿ.

ಹೋದದ್ದು ತಂಗಿಗಾಗಿ. ಅವಳನ್ನು ಭಾಲ್ಕಿಗೆ ಕೊಟ್ಟಿದ್ದೇವೆ. ಸೊಂಟ ನೋವು ಹೆಚ್ಚಾಗಿ ಎಡಗಾಲು ಜೋಮು ಹಿಡಿದಿತ್ತು. ಸ್ಕ್ಯಾನ್ ನೋಡದೆ ಆಪರೇಷನ್ ಬೇಕೋ ಬೇಡವೋ ಹೇಳಲಾಗದು ಎಂದರು ದವಾಖಾನೆಯವರು. ಆದರೆ ಯಂತ್ರದ ಕೊಳವೆಯೊಳಗೆ ಸರಿಸಿದ ಕೂಡಲೇ ಅವಳು ಕಿರುಚಿ ಹೊರಬಂದಳು. ಎರಡು ಸಲ ಹೀಗೇ ಆಯಿತು. ಕೊನೆಗೆ ಅಲ್ಲಿಯ ಡಾಕ್ಟರೇ ಈ ಬೋರ್ಡಿನವರ ಹತ್ತಿರ ಕಳಿಸಿದರು.

ಅವಳು ಯಾಕೆ ಕಿರುಚುತ್ತಾಳೆಂದು ಅವಳನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು.

ಔರಾದ ಕಡೆಯ ನಮ್ಮ ಮನೆಯಲ್ಲಿ ಜೋಳ ತುಂಬಲು ನೆಲದೊಳಗೆ ಹಗೇವು ಇತ್ತು. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ತಳದ ಕಾಳು ಬಳಿಯಲು ಸಣ್ಣ ಮಕ್ಕಳನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ಮೊದಲು ಕಂದೀಲು ಇಳಿಸಿ, ಅದು ಆರದೆ ಉರಿದರೆ ಒಳಗಿನ ಗಾಳಿ ಸರಿಯಿದೆ ಎಂದು ನೋಡುತ್ತಿದ್ದರು. ಅವಳಿಗೆ ಏಳು ವರ್ಷ, ನನಗೆ ಹನ್ನೊಂದು. ದೊಡ್ಡವರಿಲ್ಲದ ಹೊತ್ತಿನಲ್ಲಿ ನಾನೇ ಇಳಿಸಿದೆ. ಕಂದೀಲು ಗಿಂದೀಲು ಏನೂ ಇಲ್ಲ. ಹಗ್ಗ ಮೇಲೆಳೆದುಕೊಂಡು, ಹೆದರಿಸೋಣವೆಂದು ಬಾಯಿಗೆ ಚಪ್ಪಡಿ ಎಳೆದೆ. ಅಷ್ಟರಲ್ಲಿ ಕುರಿಗಳು ಪಕ್ಕದ ಹೊಲಕ್ಕೆ ನುಗ್ಗಿದವು. ಓಡಿದೆ. ಓಡಿದವನು ಅವಳನ್ನು ಮರೆತೇಬಿಟ್ಟೆ. ಅವ್ವ ಬಂದು ತೆಗೆದಾಗ ಅತ್ತು ಅತ್ತು ಅವಳ ಗಂಟಲು ಬಿದ್ದುಹೋಗಿತ್ತು. ಅವಳೇ ಇಳಿದಿದ್ದಾಳೆ, ನಾನು ತಿಳಿಯದೆ ಮುಚ್ಚಿದೆ ಎಂದೆ. ಅವ್ವ ನಂಬಿದಳು. ಅವಳನ್ನೇ ಬಡಿದಳು.

ನಮ್ಮ ಮನೆತನದಲ್ಲಿ ದೇವರು ಮೈಮೇಲೆ ಬಂದವರು ಮುಚ್ಚಿಟ್ಟದ್ದನ್ನೆಲ್ಲ ಆಡಿಬಿಡುತ್ತಾರೆ, ಆಮೇಲೆ ಅವರಿಗೆ ಏನೂ ನೆನಪಿರುವುದಿಲ್ಲ. ಸಮ್ಮೋಹನವೂ ಅದೇ ಜಾತಿಯದು ಎಂದುಕೊಂಡೆ. ಮೆಟ್ಟಿಲ ಮೇಲೆ ನಾನು ನಕ್ಕದ್ದು ಆ ಭಯಕ್ಕೆ.

ಒಳಗೆ ಹತ್ತಿ ಸೀರೆಯ ಡಾಕ್ಟರಮ್ಮ ಇದ್ದರು. ತೂಗುವ ಗಡಿಯಾರವಿಲ್ಲ, ಮಂದ ದೀಪವಿಲ್ಲ; ಒಂದು ಒರಗು ಕುರ್ಚಿ, ಬೀಜದಂಗಡಿಯ ಕ್ಯಾಲೆಂಡರು. ಇಷ್ಟಕ್ಕೆ ಅಷ್ಟು ದೊಡ್ಡ ಬೋರ್ಡೇ? ಇದು ನಿದ್ದೆಯಲ್ಲ, ಎಲ್ಲ ಕೇಳಿಸುತ್ತಿರುತ್ತದೆ, ಬೇಡವೆನಿಸಿದರೆ ಕಣ್ಣು ತೆರೆಯಬಹುದು, ಹೇಳಬಾರದ್ದನ್ನು ಯಾರೂ ಹೇಳಿಸಲಾರರು ಎಂದರು ಡಾಕ್ಟರಮ್ಮ. ನಾಲ್ಕೈದು ಸಲ ಬರಬೇಕು, ಕೆಲವರಿಗೆ ಗುಣ ಕಾಣುವುದೇ ಇಲ್ಲ, ಸೊಂಟ ನೋವಂತೂ ಇದರಿಂದ ಹೋಗದು. ಕೊಳವೆಯಲ್ಲಿ ಮಲಗುವಷ್ಟು ಮನಸ್ಸಿಗೆ ರೂಢಿಯಾದರೆ ಸಾಕು ಎಂದರು. ಎಲ್ಲ ವ್ಯಾಪಾರಿಗಳೂ ಮೊದಲು ಹೀಗೆ ಸಾಧುವಾಗಿಯೇ ಮಾತಾಡುತ್ತಾರೆಂದು ನಾನು ಕಿವಿಗೊಡಲಿಲ್ಲ. ಹೊರಗೆ ಕೂತಿರಿ ಎಂದಾಗ, “ಹೆಣ್ಮಗಳಿಗಿ ಒಬ್ಬಾಕಿನ ಬಿಟ್ಟು ಹೋಗಂಗಿಲ್ರಿ,” ಎಂದು ಮಹಾ ಕಾಳಜಿಯವನಂತೆ ಕುರ್ಚಿ ಎಳೆದುಕೊಂಡೆ. ಇರಲಿ ಬಿಡ್ರಿ ಎಂದಳು ತಂಗಿ.

ಅವಳು ಕಣ್ಣು ಮುಚ್ಚಿದಳು. ಡಾಕ್ಟರಮ್ಮ ಉಸಿರು ಎಣಿಸಿದರು, ಹಿತವಾದ ಜಾಗವೊಂದನ್ನು ನೆನೆಸಿಕೊಳ್ಳಲು ಹೇಳಿದರು. ಅವಳು ಹೊಲದ ಬೇವಿನ ನೆರಳು ಎಂದಳು. ಭುಜಗಳು ಸಡಿಲವಾದವು. ಇನ್ನು ಆ ಯಂತ್ರದ ಹತ್ತಿರ ಹೋಗೋಣ, ಕತ್ತಲಾದರೆ ಹೇಳು ಎಂದರು. ಕತ್ತಲು ಎಂದದ್ದೇ ತಡ, ನಾನು ಕಿಸೆಯೊಳಗೇ ಫೋನಿನ ಗುಂಡಿ ಒತ್ತಿ ಹಾಡು ಹಚ್ಚಿದೆ. ಅವಳು ಬೆಚ್ಚಿ ಎದ್ದಳು. ಅವತ್ತಿನ ಕೆಲಸ ಕೆಟ್ಟಿತು.

ಕೆಳಗಿಳಿಯುತ್ತ ಇದೆಲ್ಲ ಬುರುಡೆ ಎಂದು ಬೈಯತೊಡಗಿದೆ. ಅವಳು ಕಾಲು ಎಳೆಯುತ್ತ ಬರುತ್ತಿದ್ದವಳು ಮೆಟ್ಟಿಲ ಮೇಲೆ ನಿಂತಳು.

“ಅಣ್ಣಾ, ನೀ ಕಿಸೇದಾಗ ಕೈ ಹಾಕಿದ್ದು ಕೇಳಸ್ತು ನನಗ. ಹಗೇವಿನ ಮಾತು ಇಷ್ಟು ವರ್ಷ ಯಾರ ಮುಂದೂ ಆಡಿಲ್ಲ, ಇಲ್ಲಿ ಆಡ್ತೀನೇನು? ನನಗ ಕಾಲು ನೆಟ್ಟಗ ಆಗಬೇಕಾಗ್ಯದ, ಅಷ್ಟೇ.”

ಆ ಭಾನುವಾರ ಬಸ್ಸು ಹತ್ತಿ ಔರಾದಕ್ಕೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ದೊಡ್ಡ ಪ್ರಾಯಶ್ಚಿತ್ತ ಮಾಡಿದವನಂತೆ ಎದುರು ಕುಳಿತಿದ್ದೆ. ಅವ್ವ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಬಡಿಸ್ಕೊಂಡಾಕಿ ಭಾಲ್ಕ್ಯಾಗ ಅದಾಳ. ಇಲ್ಲಿಗ್ಯಾಕ ಬಂದಿ?”

ಮುಂದಿನ ಭೇಟಿಗಳಲ್ಲಿ ನಾನು ಝೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದೆ. ಐದನೆಯದು ಮುಗಿದ ಮೇಲೆ ಸ್ಕ್ಯಾನಿಗೆ ಹೋದೆವು. ಅವಳ ಕೇಳಿಕೆಯ ಮೇಲೆ ನನ್ನ ಫೋನು, ಬೆಲ್ಟು ಹೊರಗಿಡಿಸಿ ಒಳಗೆ ಬಿಟ್ಟರು. ಮಲಗಿದ್ದವಳ ಕಿವಿಯ ಹತ್ತಿರ ಬಗ್ಗಿ, ನಾನೇ ಇಳಿಸಿದ್ದು, ಅವ್ವನಿಗೂ ಹೇಳಿ ಬಂದಿದ್ದೇನೆ, ತಪ್ಪಾಯಿತು ಎಂದೆ.

“ಈಗ ಸುಮ್ಮ ಕಾಲು ಹಿಡಕೊಂಡು ನಿಂದ್ರು,” ಎಂದಳು. “ಎಲ್ಲಿಗೂ ಓಡಬ್ಯಾಡ.”

ಅವಳು ಕಣ್ಣು ಮುಚ್ಚಿದಳು. ಕೊಳವೆ ಅವಳನ್ನು ತಲೆಯಿಂದ ಮೊಣಕಾಲವರೆಗೆ ನುಂಗಿತು. ಕಲ್ಲು ಒಡೆದಂತೆ ಯಂತ್ರ ಬಡಿಯತೊಡಗಿತು. ಅವಳು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಗಾಜಿನಾಚೆಯಿಂದ ಯಂತ್ರ ನಡೆಸುವವನ ದನಿ ಮೈಕಿನಲ್ಲಿ ಬಂತು.

“ಕಾಲು ಹಿಡದವರು ಕೈ ನಡಗಸಬ್ಯಾಡ್ರಿ, ಫೋಟೋ ಕೆಡ್ತದ.”

ಕೈ ಗಟ್ಟಿ ಮಾಡಿ ನಿಂತೆ. ಕೊಳವೆಯೊಳಗೆ ಅವಳು ನಗು ತಡೆದುಕೊಂಡದ್ದು ನಾನು ಹಿಡಿದಿದ್ದ ಅವಳ ಕಾಲಿನ ಹೆಬ್ಬೆರಳಿನಲ್ಲಿ ತಿಳಿಯಿತು.