ಬಾಣಂತಿ ಮನೆಯ ಹಾಸು

ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಮಗಳು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜು ಓದುತ್ತಿದ್ದಳು. ರಜೆಗೆ ಇಳಕಲ್ಲಿಗೆ ಬಂದಾಗ ಅರ್ಥಶಾಸ್ತ್ರದ ಪಾಠವನ್ನು ಊರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದಳು. ಯುರೋಪಿನ ಹನ್ನೆರಡು ದೇಶಗಳು ಒಕ್ಕೂಟ ಮಾಡಿಕೊಂಡಿವೆಯಂತೆ. ಒಂದು ದೇಶ ಕೂಲಿ ಇಳಿಸಿ ಪಕ್ಕದ ದೇಶದ ಕೆಲಸ ಸೆಳೆದುಕೊಳ್ಳಬಾರದು, ಬೇನೆ ಬಿದ್ದವರಿಗೂ ಬಸುರಿಯರಿಗೂ ಎಲ್ಲ ಕಡೆ ಆಸರೆ ಇರಬೇಕು ಎಂದು ಕೂತು ಮಾತಾಡುತ್ತವಂತೆ. "ಎಷ್ಟ್ ಮುಂದುವರದಾರ ನೋಡಬೇ," ಎಂದಳು. ನನಗೆ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಇವಳು ನನ್ನ ಹೊಟ್ಟೆಯಲ್ಲಿದ್ದಾಗಲೇ ನಾವು ನಾಲ್ಕು ಊರಿನವರು ಇದನ್ನು ಮಾಡಿದ್ದೆವು. ಬಹಳ ವರ್ಷ ಬಾಳಲಿಲ್ಲ, ಆ ಮಾತು ಬೇರೆ.

ನಮ್ಮದು ಸೀರೆ ನೇಯುವ ಮನೆ. ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲಿಗೆ ಹಾಸು ಎನ್ನುತ್ತೇವೆ. ಹಾಸು ಸಾಹುಕಾರರದು, ಮಗ್ಗವೂ ಬೆನ್ನುನೋವೂ ನಮ್ಮದು. ಇಳಕಲ್ಲಿನವರು ಕೂಲಿ ಹೆಚ್ಚಿಸಿ ಎಂದರೆ ಹಾಸು ಸಂಜೆಯ ಬಸ್ಸು ಹತ್ತಿ ಕಮತಗಿಗೆ ಹೋಗುತ್ತಿತ್ತು. ಕಮತಗಿಯವರು ಬಾಯಿ ತೆರೆದರೆ ಸೂಳೇಭಾವಿಗೆ. ನಾವು ಆ ಊರಿನವರನ್ನು ಬೈಯುತ್ತಿದ್ದೆವು, ಅವರು ನಮ್ಮನ್ನು ಬೈಯುತ್ತಿದ್ದರು, ಸಾಹುಕಾರರಿಗೆ ಮಾತ್ರ ಎಲ್ಲರೂ ಕೈಮುಗಿಯುತ್ತಿದ್ದೆವು.

ಕೊನೆಗೆ ಎಪ್ಪತ್ತರ ದಶಕದ ಮೊದಲಲ್ಲಿ ಅಮೀನಗಡವೂ ಸೇರಿ ನಾಲ್ಕು ಊರಿನ ನೇಕಾರರು ಅಲ್ಲಿನ ಮಠವೊಂದರಲ್ಲಿ ಸೇರಿದರು. ಹೆಂಗಸರು ರೊಟ್ಟಿ ಬಡಿಯಲು ಹೋಗಿದ್ದೆವು. ನಾಲ್ಕೂ ಊರಿಗೆ ಒಂದೇ ಕೂಲಿ ಎಂದು ಗಂಡಸರು ಕೈಯೆತ್ತಿ ಏಳುವ ಹೊತ್ತಿಗೆ ನನ್ನ ಅತ್ತೆ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು.

"ಎಲ್ಲಾ ಖರೆ. ಬಾಣಂತಿ ಮನಿ ಗತಿ ಏನ್ರಿ?"

ನೇಯುವವನು ಗಂಡಸು ಎಂದು ಹೆಸರು. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವವಳು, ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವವಳು ಹೆಂಗಸು. ಅವಳು ಹೆರಿಗೆಗೆ ಮಲಗಿದರೆ ಮಗ್ಗವೂ ಮಲಗುತ್ತಿತ್ತು. ಆಗ ಸಾಹುಕಾರರ ಗುಮಾಸ್ತ ಬಂದು ಹಾಸು ಕಿತ್ತು ಬೇರೆ ಊರಿಗೆ ಒಯ್ಯುತ್ತಿದ್ದ. ಹಾಗೆ ಹೋದ ಕೆಲಸ ಆ ಮನೆಗೆ ತಿರುಗಿ ಬರುತ್ತಿದ್ದದ್ದು ಅಪರೂಪ.

"ಬಾಣಂತಿ ಮನಿಯಿಂದ ಕಿತ್ತ ಹಾಸ ನಾಕೂ ಊರಾಗ ಯಾರೂ ನೇಯಬಾರದು. ಇದಕ್ಕೂ ಕೈ ಎತ್ರಿ. ಇಲ್ಲಂದ್ರ ಇವತ್ತ ರೊಟ್ಟಿ ಇಲ್ಲ," ಎಂದರು ಅತ್ತೆ.

ನ್ಯಾಯಕ್ಕೋ ಹಸಿವಿಗೋ, ಎಲ್ಲರೂ ಕೈಯೆತ್ತಿದರು. ಅಂಥ ಹಾಸನ್ನು ಗುರುತಿಸುವುದು ಹೇಗೆ ಎಂಬುದನ್ನು ಹೆಂಗಸರು ಒಲೆಯ ಮುಂದೆ ತೀರ್ಮಾನಿಸಿದೆವು. ದಿನ ತುಂಬಿದ ಬಸುರಿ ಕೊಂಡಿ ಹಾಕುವಾಗ ಸಾಲಿನಲ್ಲಿ ಒಂದು ಹಸಿರು ಎಳೆ ಸೇರಿಸಬೇಕು. ಕುಬಸದಲ್ಲಿ ಬಸುರಿಗೆ ಉಡಿಸುವುದೂ ಹಸಿರೇ ಅಲ್ಲವೇ? ಕೊಂಡಿ ಹೆಂಗಸರ ಕೆಲಸ, ಗುಮಾಸ್ತನ ಕಣ್ಣು ಅತ್ತ ಹೋಗುವುದಿಲ್ಲ ಎಂದು ನಮಗೆ ಗೊತ್ತಿತ್ತು.

ಒಂದೇ ಕೂಲಿ ಎಂದದ್ದಕ್ಕೆ ಸಾಹುಕಾರರು ಮುನಿಸಿಕೊಂಡು ಹಾಸು ಕೊಡುವುದನ್ನೇ ಕಡಿಮೆ ಮಾಡಿದರು. ನಮ್ಮ ಮಗ್ಗ ಬರಿದಾಯಿತು. ನನಗೆ ಆಗ ದಿನ ಹತ್ತಿರವಾಗಿತ್ತು. ತವರಲ್ಲಿ ತಾಯಿ ಇರಲಿಲ್ಲ, ಆದ್ದರಿಂದ ಹೆರಿಗೆಯೂ ಅತ್ತೆಯ ಮನೆಯಲ್ಲೇ. ಜೋಳದ ಗಡಿಗೆಯೊಳಗೆ ಕೈ ಹಾಕಿದರೆ ತಳ ಸಿಗುತ್ತಿತ್ತು. ಅಂಥ ದಿನ ಗುಮಾಸ್ತ ಒಂದು ಹಾಸು ಹೊತ್ತು ತಾನಾಗಿ ನಮ್ಮ ಕಟ್ಟೆ ಹತ್ತಿದ.

"ಕಮತಗ್ಯಾಗ ಒಂದ್ ಮಗ್ಗ ನಿಂತೈತಿ. ಲಗ್ನದ ಸೀರಿ, ಲಗೂನ ಬೇಕು."

ಬಿಚ್ಚಿದಾಗ ಮೊದಲು ನೋಡಿದವಳು ನಾನೇ. ಕೊಂಡಿಗಳ ಸಾಲಿನಲ್ಲಿ ಹಸಿರು ಎಳೆ. ಕಣ್ಸನ್ನೆಯಲ್ಲಿ ಗಂಡನಿಗೂ ಅತ್ತೆಗೂ ತೋರಿಸಿದೆ. ಈ ಎಳೆಯೊಂದು ಇರದಿದ್ದರೆ ನಮ್ಮ ಮನೆಯಲ್ಲಿ ಒಲೆ ಹೊತ್ತುತ್ತಿತ್ತಲ್ಲ ಎಂದು ಹೊಟ್ಟೆ ಉರಿಯಿತು. ನನ್ನ ಗಂಡ ಅತ್ತೆಯನ್ನು ಒಳಗೆ ಕರೆದು, "ಯವ್ವಾ, ಬರೂ ತಿಂಗಳ ಈಕಿ ಹಡೀತಾಳ. ಮನ್ಯಾಗ ಏನೈತಿ? ಇದೊಂದ್ ನೇಯೂಣು," ಎಂದ. ಅವನದೇನು ತಪ್ಪು?

ಅತ್ತೆ ಹೊರಗೆ ಹೋಗಿ, "ಇಟ್ಟ ಹೋಗ್ರಿ, ನೇಯ್ದ ಕೊಡ್ತೇವಿ," ಎಂದರು. ನನಗೆ ಜೀವ ಬಂದಂತಾಯಿತು. ಗುಮಾಸ್ತ ಓಣಿ ದಾಟಿದ ಮೇಲೆ ಮಗನಿಗೆ ಹೇಳಿದರು, "ತಿರುಗಿ ಕಳಿಸಿದ್ರ ಆಂವ ನಾಕೂರು ಬಿಟ್ಟು ಬ್ಯಾರೆ ಕಡೆ ಒಯ್ತಾನ. ಇಲ್ಲೇ ಇರಲಿ. ನೀ ಮಗ್ಗಕ್ಕ ಏರಿಸಿ ಖಾಲಿ ಲಾಳಿ ಹೊಡಿ."

ಹಾಗೆ ನನ್ನ ಗಂಡ ಕಂಡಿಕೆ ಇಲ್ಲದ ಲಾಳಿ ಹೊಡೆಯುತ್ತ ಕೂತ. ಗುಮಾಸ್ತ ಓಣಿಯಲ್ಲಿ ಹಾಯ್ದುಹೋಗುವಾಗ ಟಕಟಕ ಸದ್ದು ಕೇಳಿ ಖುಷಿಯಾಗಿ ಹೋಗುತ್ತಿದ್ದ. ಓಣಿಯವರಿಗೆಲ್ಲ ವಿಷಯ ಗೊತ್ತು. "ಏನಲೇ, ಗಾಳಿ ನೇಯಾಕತ್ತಿಯೇನ?" ಎಂದು ಕಾಡುತ್ತಿದ್ದರು. ಆದರೆ ಯಾವ ಮನೆಯಿಂದಲೂ ಗುಟ್ಟು ಹೊರಬೀಳಲಿಲ್ಲ. ಒಂದೊಂದು ಹೊತ್ತಿಗೆ ಒಂದೊಂದು ಮನೆಯಿಂದ ರೊಟ್ಟಿಯೂ ಪುಂಡಿಪಲ್ಯವೂ ಬಂತು. ನಾಚಿಕೆ ಬಿಟ್ಟು ಉಂಡೆ.

ಲಗ್ನ ಹತ್ತಿರ ಬಂದಾಗ ಗುಮಾಸ್ತ ಒಳಗೆ ಬಂದು ನೋಡಿದರೆ ಹಾಸು ಇದ್ದಂತೆಯೇ ಇದೆ. ಕೆಂಡಾಮಂಡಲವಾದ. ಅತ್ತೆ ತಣ್ಣಗೆ ಹೇಳಿದರು, "ಕಮತಗಿ ಬಾಣಂತಿ ಎದ್ದಾಳಂತ. ಆಕಿಗೇ ಕೊಡ್ರಿ. ನಾಕೂ ಊರಾಗ ಬ್ಯಾರೆ ಯಾರೂ ನೇಯಾಂಗಿಲ್ಲ." ಇನ್ನು ನಿಮ್ಮ ಮನೆಗೆ ಒಂದು ಎಳೆಯೂ ಇಲ್ಲ ಎಂದು ಅವನು ಒದರಾಡಿದ. ಇನ್ನೆರಡು ಮನೆ ಕೇಳಿ ನೋಡಿದ, ಅಲ್ಲಿಯೂ ಆಗುವುದಿಲ್ಲ ಎಂದರು. ಬೇರೆ ದಾರಿಯಿಲ್ಲದೆ ಹಾಸು ಕಮತಗಿಗೆ ಮರಳಿತು.

ಆ ವಾರವೇ ನಾನು ಹಡೆದೆ. ಹೆಣ್ಣು ಕೂಸು. ಬಾಣಂತಿಯ ಕೆಲಸ ಕಿತ್ತುಕೊಳ್ಳಬಾರದು ಎಂದು ಊರೂರಿಗೆ ಕೈ ಎತ್ತಿಸಿದ ಮನೆಯಲ್ಲಿ ಕಿತ್ತುಕೊಳ್ಳಲು ಏನೂ ಉಳಿದಿರಲಿಲ್ಲ. ಅಷ್ಟೆಲ್ಲ ಮಾತಾಡಿದ ಗಂಡಸರಿಗಾಗಲಿ, ನಮಗಾಗಲಿ ಇದು ಹೊಳೆದಿರಲಿಲ್ಲ. ಎದೆಹಾಲು ಕಡಿಮೆಯಾಯಿತು. ಅತ್ತೆ ನನಗೆ ನೀರೆರೆದು, ಕೂಸಿಗೆ ಎರೆದು, ಬೆಂಕಿ ಕಾಸಿ, ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಒಳಗೆ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಾಗಿಲಲ್ಲಿ ಬಾಡಿದ ಮುಖದ ಹುಡುಗಿಯೊಬ್ಬಳು ನಿಂತಿದ್ದಳು. ಬಗಲಲ್ಲಿ ಕೂಸು, ಹಿಂದೆ ಹಾಸು ಹೊತ್ತ ಗಂಡ. ಆ ಹಸಿರು ಎಳೆ ಹಾಕಿದವಳು ಇವಳೇ, ಕಮತಗಿಯಿಂದ ಬಸ್ಸಿಗೆ ಬಂದಿದ್ದರು. ಲಗ್ನದ ಸೀರೆ ಹೊತ್ತಿಗೆ ಸರಿಯಾಗಿ ಮುಟ್ಟಿಸಿದ್ದಕ್ಕೆ ಸಾಹುಕಾರರು ಅವಳಿಗೆ ಎರಡು ಹಾಸು ಕೊಟ್ಟಿದ್ದರಂತೆ. ಒಂದನ್ನು ನಮ್ಮ ಮನೆಗೆ ತಂದಿದ್ದಳು.

"ಗುಮಾಸ್ತಗ ಗೊತ್ತಾದ್ರ ನಿನ್ನೂ ಕೆಲಸ ಬಿಡಿಸ್ತಾನವಾ," ಎಂದರು ಅತ್ತೆ.

"ಬಿಡಿಸಲಿ ತಗೋರಿ," ಎಂದಳು.

"ತಂದದ್ದೇನೋ ಖರೆ. ಕಂಡಿಕಿ ಯಾರು ಸುತ್ತೋರು? ಈಕಿ ಹಸಿ ಬಾಣಂತಿ, ನನಗ ಈಕಿದೇ ಸಾಕಾಗೈತಿ."

ಆ ಹುಡುಗಿ ನನ್ನ ಹಾಸಿಗೆಯ ಹತ್ತಿರ ಬಂದು ತನ್ನ ಕೂಸನ್ನು ನನ್ನ ಮಗಳ ಪಕ್ಕದಲ್ಲಿ ಮಲಗಿಸಿದಳು. ಸೆರಗು ಸಿಕ್ಕಿಸಿಕೊಂಡು ರಾಟಿಯ ಮುಂದೆ ಕೂತಳು. "ನೀ ಮಕ್ಕೋ ಅಕ್ಕಾ. ನೀ ಏಳೂಮಟ ನಾ ಇಲ್ಲೇ ಇರ್ತೇನಿ," ಎಂದಳು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಹಿಂದೆ ರಾಟಿ ತಿರುಗತೊಡಗಿತು.