ಆಕಾಶದಾಗಿನ ನನ್ನ ಚಾದಂಗಡಿ

ಬಸವಕಲ್ಯಾಣದಾಗ ಡಾಕ್ಟರಿಗೇನು ಬರ ಇಲ್ಲ. ಆದರ ನಮಗ ಬ್ಯಾರೆ ಊರಿನ ಡಾಕ್ಟರ್ ಕೈಗುಣಾನೇ ಛಲೋ. ನಾವು ಹುಮನಾಬಾದಿಗೆ ಹೋಗ್ತೀವಿ, ಹುಮನಾಬಾದಿನವರು ನಮ್ಮೂರಿಗೆ ಬರ್ತಾರ, ನಡುವ ಬಸ್ಸಿನವರು ಸುಖವಾಗಿ ಇರ್ತಾರ. ಹಂಗ ಹೋದಾಗ ಅಲ್ಲಿನ ಡಾಕ್ಟರ್ ನನ್ನ ತೋಳಿಗೆ ಪಟ್ಟಿ ಸುತ್ತಿ, ಮಾರಿ ಸಣ್ಣದು ಮಾಡಿ, "ಬಿಪಿ ಭಾಳ ಅದರಿ. ಗುಳಿಗಿ ಬರದು ಕೊಡ್ತೀನಿ, ಆದರ ಮನಸ್ಸಿಗೂ ಆರಾಮ ಬೇಕು. ತಲ್ಯಾಗ ಏನರೆ ಇಟಗೊಂಡೀರೇನು?" ಅಂದರು.

ಏನಿಲ್ಲರಿ ಅಂದೆ. ಖರೆ ಅಂದ್ರ, ಆ ದವಾಖಾನಿ ಹಿಂದಿನ ಓಣ್ಯಾಗೇ ನಮ್ಮ ಅಕ್ಕನ ಮನಿ ಅದ. ಎರಡು ವರ್ಷದಿಂದ ನಾ ಆ ಮನಿ ಹೊಸ್ತಿಲ ತುಳದಿಲ್ಲ. ಇದನ್ನ ಡಾಕ್ಟರಿಗೆ ಹೇಳಿದ್ರ ಅದಕ್ಕೂ ಒಂದು ಗುಳಿಗಿ ಬರದು ಕೊಡ್ತಿದ್ರು.

ನಮ್ಮ ಕಡೆ ಪದ್ಧತಿ ಕೂಸಿಗೂ ಗೊತ್ತು. ಊಟ ಇರ್ಲಿ, ಚಾ ಇರ್ಲಿ, ಮೂರು ಸಲ ಕೇಳಬೇಕು. ಮೊದಲನೇ ಸಲಕ್ಕ "ಈಗರೆ ಉಂಡ ಬಂದೀನಿ" ಅನ್ನಬೇಕು. ಎರಡನೇ ಸಲಕ್ಕ "ಬ್ಯಾಡಬ್ಯಾಡ, ಹೊಟ್ಟ್ಯಾಗ ಜಾಗ ಇಲ್ಲ" ಅನ್ನಬೇಕು. ಮೂರನೇ ಸಲಕ್ಕ "ಹೋಗ್ಲಿ, ನಿಮ್ಮ ಮನಸ್ಸು ಯಾಕ ಮುರೀಲಿ" ಅಂತ ಕೂತು ಎರಡಾಳಿನ ಊಟ ಹೊಡೀಬೇಕು. ಅಕ್ಕ ಹೊಸ ಮನಿ ಶಾಂತಿಗೆ ನನ್ನ ವಾಟ್ಸಪ್ಪಿನಾಗ ಕರದಿದ್ದಳು. ಒಡಹುಟ್ಟಿದ ತಮ್ಮಗ ವಾಟ್ಸಪ್ಪು! ಮಾರಿ ಉಬ್ಬಿಸಿಕೊಂಡು ಒಬ್ಬನೇ ಹೋದೆ. ಅಂಗಳದಾಗ ನಿಂತಾಗ "ಊಟಕ್ಕ ಕೂಡು" ಅಂದಳು, ಒಲ್ಲೆ ಅಂದೆ. ಮತ್ತ ಅಂದಳು, ಮತ್ತ ಒಲ್ಲೆ ಅಂದೆ. ಮೂರನೇದು ಕೇಳಲೇ ಇಲ್ಲ, ತಿರುಗಿ ಒಳಗ ಹೋಗಿಬಿಟ್ಟಳು. ಚಪ್ಪಲಿ ಹಾಕ್ಕೊಳ್ಳಾಕ ನಾ ತಗೊಂಡ ಹೊತ್ತಿನಾಗ ಒಂದು ಜುಬ್ಬಾ ಹೊಲೀಬಹುದಿತ್ತು. ಯಾರೂ ಬರಲಿಲ್ಲ. ಹಸಕೊಂಡು ಬಸ್ ಹತ್ತಿದೆ. ಆಮ್ಯಾಲ ಫೋನ್ ಮಾಡಿದ್ಲು, ನಾ ಎತ್ತಲಿಲ್ಲ. ಅದನ್ನೂ ಎರಡೇ ಸಲ ಮಾಡಿದ್ಲು ನೋಡ್ರಿ.

ಇನ್ನ ಮನಸ್ಸಿನ ಆರಾಮದ ಕಥಿ. ಕಾಲೇಜಿಗೆ ಹೋಗೂ ಮಗಳು ನನ್ನ ಫೋನಿನಾಗ ಮೂರು ಆಟ ಹಾಕಿ ಕೊಟ್ಟಳು. "ಅಪ್ಪಾ, ಇವು ಬಾಹ್ಯಾಕಾಶದ ಆಟ. ದೊಡ್ಡ ಕಂಪನಿ ಮಾಡಿದ್ದಲ್ಲ, ಇಬ್ಬರು ಮೂವರು ಮನ್ಯಾಗ ಕೂತು ಪ್ರೀತಿಲೆ ಮಾಡಿದ್ದು. ಹೊಡಿಯೂದಿಲ್ಲ, ಬಡಿಯೂದಿಲ್ಲ, ಗೆಲ್ಲೂದೂ ಇಲ್ಲ, ಸೋಲೂದೂ ಇಲ್ಲ." ಗೆಲ್ಲೂದೂ ಇಲ್ಲ ಸೋಲೂದೂ ಇಲ್ಲ ಅಂದ್ರ ನನ್ನ ಟೇಲರ್ ಅಂಗಡೀನೇ ಆತಲ್ಲ, ಅದಕ್ಕ ಫೋನ್ ಯಾಕ ಬೇಕು ಅಂದೆ.

ಮೊದಲನೇ ಆಟದಾಗ ಒಂದು ಸಣ್ಣ ಹಡಗ. ಕತ್ತಲಾಗ ತೇಲಿಕೋತ ಹೋಗಿ, ಒಡದ ಉಪಗ್ರಹದ ಚೂರೆಲ್ಲ ಆರಿಸಬೇಕು. ನನ್ನ ಅಂಗಡಿ ಮುಂದಿನ ಗಟಾರ ಬಳಿಯಾಕ ಯಾವ ದೊರಿಯೂ ಬರೂದಿಲ್ಲ, ನಾ ಮಾತ್ರ ಶನಿಗ್ರಹದ ಸುತ್ತ ಕಸ ಬಳಿಯಾಕತ್ತಿದ್ದೆ, ಅದೂ ಪಗಾರಿಲ್ಲದೇ. ಆದರ ಸುಳ್ಳ್ಯಾಕ ಹೇಳಲಿ, ಅದರ ಸಂಗೀತ ಛಲೋ ಇತ್ತು. ಅರ್ಧ ತಾಸು ಮಿಷನ್ ತುಳಿಯೂದು ಮರತು ಕೂತಿದ್ದೆ, ಕುಪ್ಪಸ ಒಯ್ಯಾಕ ಬಂದ ಹೆಣ್ಣಮಗಳು ಎದುರಿಗೆ ನಿಂತು ಕೆಮ್ಮಿದಾಗ ಭೂಮಿಗೆ ಇಳದೆ.

ಎರಡನೇದು ಒಂದು ಗ್ರಹ, ನಮ್ಮ ಅಂಗಳದಷ್ಟು. ಅದರ ಮ್ಯಾಲ ಒಂದೇ ಸಸಿ. ನೀರು ಹಾಕಬೇಕು, ಕಾಯಬೇಕು. ಮೂರು ದಿನಕ್ಕ ಒಂದು ಎಲಿ ಬಂತು. "ಏ, ಜಲ್ದಿ ಬೆಳಿಯೋ!" ಅಂತ ಒದರಿದ್ದಕ್ಕ ಹೆಂಡತಿ ಒಳಗಿಂದ, "ಅದರ ಜೋಡೀನೂ ಜಗಳ ಸುರು ಆತೇನ್ರಿ?" ಅಂದಳು.

ಮೂರನೇದು ಚಾದಂಗಡಿ. ಚುಕ್ಕಿಗಳ ನಡುವ ಒಂದು ಅಂಗಡಿ, ಹಡಗಿನಾಗ ಹಾದು ಹೋಗೂ ಮಂದಿ ಇಳದು ಬರ್ತಾರ, ನಾ ಚಾ ಕೊಡಬೇಕು. ಹಾಂ, ಇದು ಮನಷ್ಯಾರ ಆಟ ಅಂದೆ! ಮೂರು ಕಣ್ಣಿನ ಹಸರು ಮನಷ್ಯಾ ಬಂದು ಕೂತ. ಚಾ ಬೇಕೇನು ಅಂತ ಒತ್ತಿದೆ. ಬ್ಯಾಡ ಅಂದ. ಸಭ್ಯ ಅದಾನ, ಒಳ್ಳೆ ಮನಿತನದವ ಅಂದ್ಕೊಂಡು ಮತ್ತ ಒತ್ತಿದೆ. ಬ್ಯಾಡ. ಮೂರನೇ ಸಲ ಒತ್ತಿದೆ. ಎದ್ದು ಹಡಗ ಹತ್ತಿ ಹೋಗೇಬಿಟ್ಟ. "ಈ ಅತಿಥಿ ಇನ್ನು ಮರಳಿ ಬರುವುದಿಲ್ಲ" ಅಂತ ಬಂತಂತ, ಇಂಗ್ಲಿಷಿನಾಗ ಇದ್ದದ್ದು ಮಗಳು ಓದಿ ಹೇಳಿದಳು. ಒಂದು ವಾರದಾಗ ಹಿಂಗೇ ಹನ್ನೊಂದು ಮಂದಿ ಓಡಿ ಹೋದರು. ಇಡೀ ಬ್ರಹ್ಮಾಂಡದಾಗ ನನ್ನ ಅಂಗಡಿ ಒಂದೇ ಖಾಲಿ.

"ಅಪ್ಪಾ, ಅವರು ಬ್ಯಾಡ ಅಂದ್ರ ಬ್ಯಾಡ ಅಂತನೇ ಅರ್ಥ," ಅಂದಳು ಮಗಳು.

"ಇದ್ಯಾವ ಊರಿನ ಪದ್ಧತಿ?"

"ಆಕಾಶದ್ದಪ್ಪಾ. ಬೇಕಿದ್ರ ಅವರೇ ಬೇಕಂತಾರ. ನಿನ್ನ ಮೂರರ ಲೆಕ್ಕ ಅವರಿಗೆ ಹ್ಯಾಂಗ ಗೊತ್ತಾಗಬೇಕು?"

ಹುಚ್ಚ ಹುಡುಗಿ ಅಂತ ಬೈದೆ. ಬೈದ ಮ್ಯಾಲೂ ಆ ಮಾತು ತಲಿಯಾಗಿಂದ ಹೋಗಲಿಲ್ಲ. ಮರುವಾರ ಡಾಕ್ಟರ್ ಮತ್ತ ಪಟ್ಟಿ ಸುತ್ತಿದ್ರು. ಬಿಪಿ ಮೊದಲಿಗಿಂತ ಮ್ಯಾಲ ಏರಿತ್ತು. "ಆರಾಮ ತಗೊಂಡಿಲ್ಲೇನ್ರಿ?" ಅಂದರು. "ಭಾಳ ತಗೊಂಡೀನ್ರಿ, ಹನ್ನೊಂದು ಮಂದೀನ ಓಡಿಸೀನಿ," ಅಂದೆ. ಅವರು ಗುಳಿಗಿ ಎರಡು ಮಾಡಿದರು.

ಹೊರಗ ಬಂದು ಬಸ್ ಸ್ಟ್ಯಾಂಡಿನ ಕಡೆ ಹೊಂಟವ ನಡುವ ನಿಂತೆ. ಬಸ್ ಹತ್ತಿದ್ರ ರಾಜೇಶ್ವರ ಊರು ದಾಟಿ, ಒಂದು ತಾಸಿನಾಗ ಮನಿ. ಹಾಳಾಗಿ ಹೋಗ್ಲಿ ಅಂತ ಹಿಂದಿನ ಓಣಿಗೆ ತಿರುಗಿದೆ. ಗುಳಿಗಿ ಅಂಗಡಿ ಹುಡಕಾಕ ಹೊಂಟೀನಿ ಅಂತ ನನಗ ನಾನೇ ಹೇಳಿಕೊಂಡೆ.

ಅಕ್ಕ ಅಂಗಳದಾಗ ಅಕ್ಕಿ ಹಸನ ಮಾಡಾಕತ್ತಿದ್ದಳು. ತಲಿ ಎತ್ತಿದಳು. ಎರಡು ವರ್ಷದಾಗ ಕೂದಲ ಪೂರಾ ಬೆಳ್ಳಗಾಗಿದ್ದವು. ಎಲ್ಲಿ ಹೋಗಿದ್ದಿ ಅನ್ನಲಿಲ್ಲ, ಯಾಕ ಬಂದಿ ಅನ್ನಲಿಲ್ಲ.

"ಚಾ ಕುಡೀತಿಯೇನು?"

"ಹೂಂ. ಕುಡೀತೀನಿ."

ಅವಳ ಕೈ ಅಕ್ಕಿ ಮೊರದಾಗೇ ನಿಂತಿತು. "ಯಾಕೋ, ತಬ್ಯತ್ ಬರೋಬರಿ ಇಲ್ಲೇನು?" ಅಂತ ಗಾಬರಿಯಾಗಿ ಎದ್ದು ಬಂದು ಹಣಿ ಮುಟ್ಟಿ ನೋಡಿದಳು.

ಚಾ ತಂದಳು. ಅರ್ಧ ಕುಡದ ಮ್ಯಾಲ ತಡೀಲಿಲ್ಲ, ಕೇಳೇಬಿಟ್ಟೆ. "ಆವತ್ತ ಮೂರನೇ ಸಲ ಯಾಕ ಕೇಳಲಿಲ್ಲ ನೀ?"

"ಮೂರನೇ ಸಲ ಕೇಳೂದೇನು? ನೀ ಹ್ಯಾಂಗೂ ಉಣ್ಣವನೇ ಅಂತ ತಾಟು ಹಚ್ಚಾಕ ಒಳಗ ಹೋದೆ. ಮಂದಿ ಗದ್ದಲದಾಗ ಜರಾ ತಡ ಆತು. ತಾಟು ಹಿಡಕೊಂಡು ಹೊರಗ ಬಂದ್ರ ನಿನ್ನ ಚಪ್ಪಲಿ ಇರಲಿಲ್ಲ."

ಉಳದ ಚಾ ಒಂದೇ ಗುಟುಕಿಗೆ ಕುಡದೆ. ಆಮ್ಯಾಲ, ಏನರೆ ಕೇಳಬೇಕಲ್ಲಾ ಅಂತ, ಆ ತಾಟು ಏನು ಮಾಡಿದಿ ಅಂತ ಕೇಳಿದೆ.

"ಸಂಜೀತನಕ ಮುಚ್ಚಿ ಇಟ್ಟಿದ್ದೆ," ಅಂದಳು.