ಬಣ್ಣದಕ್ಕನ ಮಗ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಬಣ್ಣ ಹೊಂದಿಸುವ ಕೆಲಸ ಇಪ್ಪತ್ತೆರಡು ವರ್ಷದಿಂದ ಅವಳದು. ಮಾದರಿ ತುಂಡಿಗೂ ತೊಟ್ಟಿಯಿಂದ ಎದ್ದ ಬಟ್ಟೆಗೂ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಎಲ್ಲರ ಬಾಯಲ್ಲೂ ಅವಳು ಬಣ್ಣದಕ್ಕ. ಮಗ ಅಲ್ಲೇ ವೈರಿಂಗ್ ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು.

ಅಂದು ಬೆಳಿಗ್ಗೆ ತೊಟ್ಟಿ ಕಲಕುವ ಮೋಟಾರು ಸುಟ್ಟುಹೋಗಿ ಹೊಸದು ಕೂರಿಸಿದ್ದರು. ಮಗ ಮಂಡಿಯೂರಿ ವೈರು ಜೋಡಿಸುತ್ತಿದ್ದ. ಕೆಲಸ ನಿಂತಿದ್ದಕ್ಕೆ ಮೇಸ್ತ್ರಿ ಕೆಂಡ ತುಳಿದವನಂತೆ ಚಡಪಡಿಸುತ್ತಿದ್ದ. ನೆಲವೆಲ್ಲ ನೀರು. ಆ ನೀರಲ್ಲೇ ಬರಿಗಾಲಲ್ಲಿ ನಿಂತ ಇಬ್ಬರು ಹೆಂಗಸರು ಕಬ್ಬಿಣದ ತೊಟ್ಟಿಗೆ ಒರಗಿ ಬಟ್ಟೆ ಎತ್ತುತ್ತಿದ್ದರು.

"ಮುಗೀತೇನಪ್ಪಾ?"

"ಆಯ್ತು, ಹಾಕಿ," ಎಂದ ಮಗ.

ಮೇಸ್ತ್ರಿಯ ಕೈ ಸ್ವಿಚ್ಚಿನ ಕಡೆ ಹೋಯಿತು. ಮಗನ ಕೆಲಸ ಹೇಗಿದೆ ನೋಡೋಣವೆಂದು ಬಣ್ಣದಕ್ಕ ಬಗ್ಗಿದಳು. ಮೋಟಾರಿನ ಮೈಗೆ ಬಿಗಿಯುವ ತಿರುಪಿಗೆ ಹಸಿರು ಅರ್ತ್ ವೈರು ಹೋಗಬೇಕೆಂದು ಇಷ್ಟು ವರ್ಷ ಮೋಟಾರು ಕೂರಿಸುವುದನ್ನು ನೋಡಿ ಅವಳಿಗೆ ಗೊತ್ತಿತ್ತು. ಅಲ್ಲಿ ಕರೆಂಟು ಹರಿಯುವ ಕೆಂಪು ವೈರು ಕೂತಿತ್ತು. ಸ್ವಿಚ್ಚು ಹಾಕಿದರೆ ಮೋಟಾರಿನ ಮೈಯಿಂದ ತೊಟ್ಟಿಗೂ ಕರೆಂಟು.

"ಹಾಕ್ಬೇಡೀ!"

ಅವಳ ಕೂಗಿಗೆ ಮೇಸ್ತ್ರಿ ಬೆಚ್ಚಿ ಕೈ ಹಿಂದಕ್ಕೆಳೆದ. "ನೀರಿಂದ ಆಚೆ ಬನ್ರೇ, ಮೊದ್ಲು ಬನ್ನಿ!" ಎಂದು ಹೆಂಗಸರನ್ನು ಎಳೆದು ನಿಲ್ಲಿಸಿ, ಮಗನ ಕಡೆ ತಿರುಗಿದಳು. "ಈ ವೈರು ಯಾವ ಬಣ್ಣ ಹೇಳೋ."

ಅವನು ವೈರಿನ ಬದಲು ಅಮ್ಮನ ಮುಖ ನೋಡಿದ. "ಹಸಿರು... ಅಲ್ವಾ?"

ಅವಳಿಗೆ ತನ್ನ ಅಪ್ಪ ನೆನಪಾದ. ಅಪ್ಪನೂ ಟೊಮೇಟೊ ಹಣ್ಣೋ ಕಾಯೋ ಎಂದು ಒತ್ತಿ ನೋಡುತ್ತಿದ್ದ. ಮನೆಯವರೆಲ್ಲ ನಕ್ಕು ಸುಮ್ಮನಾಗುತ್ತಿದ್ದರು.

ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದರು: "ಇದು ಬಣ್ಣಗುರುಡು, ಕೆಂಪು ಹಸಿರು ಬೇರೆಬೇರೆ ಕಾಣಲ್ಲ. ನಿಮ್ಮ ತಂದೆಯಿಂದ ನಿಮಗೆ, ನಿಮ್ಮಿಂದ ಮಗನಿಗೆ ಬಂದಿದೆ. ಇದನ್ನ ಹೊತ್ತು ತರೋ ವರ್ಣತಂತು ಹೆಣ್ಣಿಗೆ ಎರಡಿರತ್ತೆ, ಒಂದು ಕೈಕೊಟ್ರೂ ಇನ್ನೊಂದು ಸಂಭಾಳಿಸತ್ತೆ. ಗಂಡಿಗೆ ಇರೋದು ಒಂದೇ, ಅದೂ ತಾಯಿಯಿಂದ. ನಿಮ್ಮ ಎರಡರಲ್ಲಿ ಯಾವುದು ಮಗನಿಗೆ ಹೋಗತ್ತೋ ಯಾರ ಕೈಲೂ ಇಲ್ಲ."

"ಅಂದ್ರೆ ನಾನೇ ಕೊಟ್ಟಿದ್ದು."

"ನೀವೇನು ಆರಿಸಿ ಕೊಟ್ರಾ, ಅಮ್ಮಾ?"

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳು ಮಗನನ್ನು ತಡೆದಳು. "ನಿಂಗೆ ಗೊತ್ತಿತ್ತಾ?"

"ಎಂಟನೇ ಕ್ಲಾಸಿಂದ."

"ಬಾಯಿ ಬಿಡೋಕೆ ಏನಾಗಿತ್ತೋ?"

"ಎಲ್ರೂ ಬಣ್ಣದಕ್ಕನ ಮಗ ಅಂತಾರೆ. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಬಾರಿಸಲು ಎತ್ತಿದ ಕೈಯಲ್ಲೇ ಅವನ ತೋಳು ಹಿಡಿದುಕೊಂಡಳು. "ಆ ಇಬ್ರು ಸತ್ತೋಗಿದ್ರೆ?"

ಮರುದಿನ ಅವನು ತಾನೇ ಹೋಗಿ ಆ ಹೆಂಗಸರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಒಬ್ಬಳು ಬಾಯಿಗೆ ಬಂದಂತೆ ಬೈದಳು. ಇನ್ನೊಬ್ಬಳು ಬೆನ್ನು ತಿರುಗಿಸಿ ಒಳಗೆ ಹೋದಳು. ಅದೇ ಅವನಿಗೆ ಹೆಚ್ಚು ನಾಟಿತು. ವೈರಿಂಗ್ ಬಿಡಿಸಿ ಅವನನ್ನು ಯಂತ್ರ ಬಿಚ್ಚಿ ಜೋಡಿಸುವ ಕಡೆಗೆ ಹಾಕಿದರು.

ಸುದ್ದಿ ಕೇಳಿ, ಗಂಡನ ಮನೆಯಲ್ಲಿದ್ದ ಬಣ್ಣದಕ್ಕನ ಬಸುರಿ ಮಗಳು ಗಾಬರಿಯಿಂದ ಫೋನು ಮಾಡಿದಳು. "ಅಮ್ಮಾ, ನಂಗೂ ಬಂದಿರತ್ತಾ?"

"ಬಂದಿರ್ಬಹುದು, ಬರದೇನೂ ಇರ್ಬಹುದು. ಮಗುನ ಸ್ಕೂಲಿಗೆ ಹಾಕೋ ಮುಂಚೆ ಕಣ್ಣು ತೋರ್ಸು. ಏನೇ ಇರ್ಲಿ, ಮಗು ನಮ್ಮತ್ರ ಮುಚ್ಚಿಡೋ ಹಾಗಾಗಬಾರ್ದು ಕಣೇ."